ನೋವು ನಿಂತಿತು, ಕಲ್ಲು ಅಲ್ಲೇ ಇತ್ತು: ಕಿಡ್ನಿ ಕಲ್ಲಿನ ಒಂದು ಪ್ರಕರಣ

34 ವರ್ಷದ ಹೆಂಗಸು. ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎರಡು ಮಕ್ಕಳ ತಾಯಿ. ಶುಗರ್ ಇಲ್ಲ, ಬಿ.ಪಿ. ಇಲ್ಲ. ಆಪರೇಷನ್ ಎಂದು ಆಗಿದ್ದು ಮಕ್ಕಳು ಸಾಕು ಎಂದು ಮಾಡಿಸಿಕೊಂಡದ್ದು ಒಂದೇ. ಬಲಪಕ್ಕೆಯಲ್ಲಿ ತಡೆಯಲಾರದ ನೋವು ಎಂದು ಬೆಳಗಿನ ಜಾವ ಗಂಡ ಮತ್ತು ನಾದಿನಿ ಆಟೋದಲ್ಲಿ ಕರೆತಂದರು.

ಇದು ಒಬ್ಬರದೇ ಕಥೆಯಲ್ಲ. ಸಾಮಾನ್ಯ ವೈದ್ಯರ ಮುಂದೆ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಒಬ್ಬ ಹೆಂಗಸಿನ ಪ್ರಕರಣವಾಗಿ ಜೋಡಿಸಿದ್ದೇನೆ. ಯಾರ ಗುರುತೂ ಸಿಗಬಾರದು ಎಂಬುದು ಒಂದು ಕಾರಣ. ಇನ್ನೊಂದು, ಕಿಡ್ನಿ ಕಲ್ಲು ಬಂದವರಲ್ಲಿ ಬಹಳ ಜನ ನೋವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ನೋವಿದ್ದರೆ ಕಲ್ಲಿದೆ, ನೋವು ಹೋದರೆ ಕಲ್ಲೂ ಹೋಯಿತು ಎನ್ನುವ ಲೆಕ್ಕ. ಈ ಲೆಕ್ಕ ತಪ್ಪು. ಇದನ್ನು ನಂಬಿ ಸುಮ್ಮನಿದ್ದು ಒಂದು ಕಿಡ್ನಿಯನ್ನೇ ಕಳೆದುಕೊಂಡವರಿದ್ದಾರೆ. ನೋವು ಯಾಕೆ ಬರುತ್ತದೆ ಎಂದು ಸರಿಯಾಗಿ ತಿಳಿದರೆ ಈ ತಪ್ಪು ಲೆಕ್ಕ ತಾನಾಗಿಯೇ ಬಿಟ್ಟುಹೋಗುತ್ತದೆ.

ಆಕೆಗೆ ಮಲಗಲು ಆಗುತ್ತಿರಲಿಲ್ಲ, ಕೂರಲೂ ಆಗುತ್ತಿರಲಿಲ್ಲ. ಮಂಚದ ಕಂಬಿ ಹಿಡಿದು ಬಗ್ಗಿ ನಿಲ್ಲುವುದು, ಎರಡು ಹೆಜ್ಜೆ ಓಡಾಡುವುದು, ಮತ್ತೆ ಮುದುರಿ ಮಲಗುವುದು. ಮೈಯೆಲ್ಲ ಬೆವರು. ಬರುವ ದಾರಿಯಲ್ಲಿ ಎರಡು ಸಲ ವಾಂತಿ ಆಗಿತ್ತು. "ಹೆರಿಗೆ ನೋವೂ ಹಿಂಗಿರಲಿಲ್ಲ ಡಾಕ್ಟ್ರೇ" ಎಂದರು. ನೋವು ಬೆನ್ನಿನ ಕಡೆಯಿಂದ, ಕೊನೆಯ ಪಕ್ಕೆಲುಬಿನ ಕೆಳಗಿನಿಂದ ಶುರುವಾಗಿ ಮುಂದಕ್ಕೆ ಬಂದು ತೊಡೆಸಂದಿಗೆ ಇಳಿಯುತ್ತಿತ್ತು.

ಈ ಒದ್ದಾಟವೇ ದೊಡ್ಡ ಸುಳಿವು. ಅಪೆಂಡಿಕ್ಸ್ ಊದಿಕೊಂಡು ಹೊಟ್ಟೆಯ ಒಳಪೊರೆಗೆ ಸೋಂಕು ತಗುಲಿದವರು ಅಲ್ಲಾಡದೆ ಮಲಗಿರುತ್ತಾರೆ, ಕೆಮ್ಮಿದರೂ ನೋವಾಗುತ್ತದೆ. ಕಲ್ಲಿನ ನೋವಿನವರಿಗೆ ಹೇಗೆ ಮಲಗಿದರೂ ಆರಾಮ ಸಿಗುವುದಿಲ್ಲ, ಅದಕ್ಕೇ ಹೊರಳಾಡುತ್ತಾರೆ. ಹಾಗೆಂದು ಬರೀ ನೋಡಿ ತೀರ್ಮಾನಿಸುವ ಹಾಗಿಲ್ಲ. ಹೆಂಗಸರಲ್ಲಿ ಅಂಡಾಶಯ ತಿರುಚಿಕೊಂಡರೂ ಹೀಗೇ ನೋವು ಬರಬಹುದು. ಗರ್ಭ ಗರ್ಭಕೋಶಕ್ಕೆ ಬಾರದೆ ಅಂಡನಾಳದಲ್ಲೇ ನಿಂತಿದ್ದರೂ ಬರಬಹುದು. ಮಕ್ಕಳಾಗದಂತೆ ಆಪರೇಷನ್ ಆಗಿದೆ ಎಂದರೂ ಗರ್ಭದ ಪರೀಕ್ಷೆ ಬಿಡಬಾರದು. ಅಪರೂಪವಾದರೂ ಆ ಆಪರೇಷನ್ ಆದ ಮೇಲೂ ಗರ್ಭ ನಿಂತ ಉದಾಹರಣೆಗಳಿವೆ, ಹಾಗೆ ನಿಂತಾಗ ಅದು ನಾಳದಲ್ಲಿ ನಿಲ್ಲುವ ಸಾಧ್ಯತೆ ಜಾಸ್ತಿ. ಇವರ ಪರೀಕ್ಷೆ ನೆಗೆಟಿವ್ ಬಂತು. ಜ್ವರ ಇರಲಿಲ್ಲ. ಮೂತ್ರದಲ್ಲಿ ಬರಿಗಣ್ಣಿಗೆ ಕಾಣದಷ್ಟು ರಕ್ತ ಇತ್ತು, ಕೀವು ಇರಲಿಲ್ಲ. ಕಿಡ್ನಿಯ ಕೆಲಸ ಹೇಗಿದೆ ಎಂದು ಹೇಳುವ ರಕ್ತಪರೀಕ್ಷೆ, ಕ್ರಿಯಾಟಿನಿನ್, ಸರಿಯಿತ್ತು.

ನೋವು ಇಳಿಸುವ ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಟ್ಟೆವು. ಅಷ್ಟರಲ್ಲಿ ಗಂಡ ಕೇಳಿದರು: "ಗ್ಲೂಕೋಸ್ ಹಾಕಿ ಡಾಕ್ಟ್ರೇ, ಎರಡು ಬಾಟ್ಲಿ ಹಾಕಿದ್ರೆ ಕಲ್ಲು ಕೊಚ್ಚಿಕೊಂಡು ಹೋಗಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಕೊಚ್ಚಿಕೊಂಡು ಹೋಗುವುದಿಲ್ಲ. ಯಾಕೆ ಎನ್ನುವುದರಲ್ಲೇ ಈ ನೋವಿನ ಗುಟ್ಟು ಇದೆ.

ನೋವು ಎಲ್ಲಿಂದ ಬರುತ್ತದೆ

ಕಲ್ಲು ಚೂಪಾಗಿರುತ್ತದೆ, ಅದು ಒಳಗೆ ಕೊಯ್ಯುತ್ತಾ ಇಳಿಯುತ್ತದೆ, ಅದಕ್ಕೇ ನೋವು ಎಂದು ಹೆಚ್ಚಿನವರು ತಿಳಿದಿದ್ದಾರೆ. ಗೀರುವುದು ನಿಜ. ಮೂತ್ರದಲ್ಲಿ ರಕ್ತ ಕಾಣುವುದು ಹೆಚ್ಚಾಗಿ ಅದರಿಂದಲೇ. ಆದರೆ ಮನುಷ್ಯರನ್ನು ನೆಲಕ್ಕೆ ಉರುಳಿಸುವ ನೋವು ಬರುವುದು ಗೀರಿನಿಂದಲ್ಲ, ಮೂತ್ರ ಕಟ್ಟಿಕೊಳ್ಳುವುದರಿಂದ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ. ಒಳಗಿನ ದಾರಿ 3ರಿಂದ 4 ಮಿಲಿಮೀಟರ್ ಅಷ್ಟೇ. ಅದರಲ್ಲೂ ಮೂರು ಕಡೆ ಇನ್ನೂ ಕಿರಿದು. ಕಿಡ್ನಿಯಿಂದ ಹೊರಡುವ ಜಾಗ ಒಂದು. ಸೊಂಟದ ಒಳಗೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳದ ಮೇಲೆ ಹಾದುಹೋಗುವ ಜಾಗ ಎರಡನೆಯದು. ಮೂತ್ರಕೋಶದ ಗೋಡೆಯನ್ನು ತೂರಿ ಒಳಸೇರುವ ಜಾಗ ಮೂರನೆಯದು, ಎಲ್ಲಕ್ಕಿಂತ ಬಿಗಿಯಾದದ್ದು. ಕಲ್ಲುಗಳು ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಈ ಮೂರರಲ್ಲೇ. ಈ ನಾಳ ಸುಮ್ನೆ ಬಿದ್ದಿರುವ ಕೊಳವೆಯಲ್ಲ. ಅದರ ಗೋಡೆಯಲ್ಲಿ ಸ್ನಾಯು ಇದೆ. ನಿಮಿಷಕ್ಕೆ ಹಲವು ಬಾರಿ ಮೇಲಿಂದ ಕೆಳಕ್ಕೆ ಹಿಂಡಿ ಹಿಂಡಿ ಮೂತ್ರವನ್ನು ಇಳಿಸುತ್ತಿರುತ್ತದೆ. ಆರೋಗ್ಯವಾಗಿದ್ದಾಗ ನಮಗೆ ಇದರ ಸುದ್ದಿಯೇ ಇರುವುದಿಲ್ಲ.

ಇವರ ಸಿ.ಟಿ. ಸ್ಕ್ಯಾನ್‌ನಲ್ಲಿ 5 ಮಿಲಿಮೀಟರ್ ಕಲ್ಲು, ಅಂದರೆ ಒಂದು ಹೆಸರುಕಾಳಿನಷ್ಟು, ಆ ಎರಡನೇ ಜಾಗದಲ್ಲಿ ಕೂತಿತ್ತು. ಮೇಲೆ ನಾಳ ಹಿಗ್ಗಿತ್ತು, ಬಲ ಕಿಡ್ನಿ ಊದಿಕೊಂಡಿತ್ತು.

ದಾರಿ ಮುಚ್ಚಿದರೂ ಕಿಡ್ನಿ ಮೂತ್ರ ಮಾಡುವುದನ್ನು ನಿಲ್ಲಿಸುವುದಿಲ್ಲ. ಹೋಗಲು ಜಾಗವಿಲ್ಲದ ಮೂತ್ರ ಹಿಂದಕ್ಕೆ ಒತ್ತುತ್ತದೆ. ಕಿಡ್ನಿಯನ್ನು ಸುತ್ತಿಕೊಂಡಿರುವ ತೆಳುವಾದ ಗಟ್ಟಿ ಪೊರೆ ಬಿಗಿಯುತ್ತದೆ. ನೋವು ಹೇಳುವ ನರಗಳು ಆ ಪೊರೆಯಲ್ಲಿ ದಂಡಿಯಾಗಿವೆ, ಅವು ಒಟ್ಟಿಗೆ ಕೂಗಿಕೊಳ್ಳುತ್ತವೆ.

ಇಲ್ಲಿ ದೇಹ ತನ್ನ ಕಷ್ಟವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಒತ್ತಡ ಏರಿದ ಕೂಡಲೇ ಕಿಡ್ನಿಯಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಕಿಡ್ನಿಗೆ ಬರುವ ರಕ್ತನಾಳವನ್ನು ಹಿಗ್ಗಿಸುತ್ತದೆ. ಮೊದಲ ಒಂದೆರಡು ಗಂಟೆ ಕಿಡ್ನಿಗೆ ರಕ್ತ ಇನ್ನೂ ಜಾಸ್ತಿ ನುಗ್ಗುತ್ತದೆ, ಒಳಗಿನ ಒತ್ತಡ ಮತ್ತಷ್ಟು ಏರುತ್ತದೆ. ಕೆಳಗೆ ಮೂತ್ರನಾಳದ ಸ್ನಾಯು ಕಲ್ಲನ್ನು ತಳ್ಳಲು ಹೋಗಿ ಸೆಟೆದುಕೊಳ್ಳುತ್ತದೆ. ಬಿಡುವಿಲ್ಲದೆ ಹಿಂಡಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ, ಅದೂ ನರಗಳನ್ನು ಕೆರಳಿಸುತ್ತದೆ.

ಡೈಕ್ಲೋಫಿನಾಕ್‌ನಂಥ ಔಷಧಿ ಇಲ್ಲಿ ಚೆನ್ನಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ. ಅದು ಬರೀ ನೋವನ್ನು ಮರೆಸುವುದಿಲ್ಲ. ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆದು ಒತ್ತಡ ಇಳಿಸುತ್ತದೆ. ಕಿಡ್ನಿ ಮೊದಲೇ ದುರ್ಬಲವಾಗಿರುವವರಿಗೆ, ಹೊಟ್ಟೆ ಹುಣ್ಣಿರುವವರಿಗೆ, ಗರ್ಭಿಣಿಯರಿಗೆ ಇದು ಆಗಿಬರುವುದಿಲ್ಲ, ಅದಕ್ಕೇ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಾವೇ ನುಂಗಬಾರದು.

ಈಗ ಗ್ಲೂಕೋಸ್ ಬಾಟ್ಲಿಯ ಮಾತಿಗೆ ಬರೋಣ. ಮುಚ್ಚಿದ ದಾರಿಯ ಮೇಲೆ ಇನ್ನಷ್ಟು ನೀರು ಸುರಿದರೆ ಒತ್ತಡ ಏರುತ್ತದೆ, ಪೊರೆ ಇನ್ನಷ್ಟು ಬಿಗಿಯುತ್ತದೆ. ಕಲ್ಲು ಬೇಗ ಇಳಿಯುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ವಾಂತಿಯಾಗಿ ಸೊರಗಿದ್ದರೆ ಡ್ರಿಪ್ ಬೇಕು, ಅಷ್ಟು ಮಾತ್ರ. ನೋವಿನ ಮಧ್ಯೆ ಎರಡು ಲೀಟರ್ ನೀರು ಗಟಗಟ ಕುಡಿಯುವವರದ್ದೂ ಇದೇ ಪಾಡು. ಕುಡಿದದ್ದು ವಾಂತಿಯಾಗುತ್ತದೆ, ನೋವು ಹೆಚ್ಚುತ್ತದೆ. ನೀರು ಕಲ್ಲು ಬರದಂತೆ ತಡೆಯುವ ಔಷಧಿ. ನೋವಿನ ಗಳಿಗೆಯಲ್ಲಿ ಬಾಯಾರಿಕೆಗೆ ಎಷ್ಟು ಬೇಕೋ ಅಷ್ಟು ಸಾಕು.

ವಾಂತಿ ಯಾಕೆ, ತೊಡೆಸಂದಿನಲ್ಲಿ ಯಾಕೆ ನೋವು ಎಂದು ನಾದಿನಿ ಕೇಳಿದರು. ಕಿಡ್ನಿಗೂ ಹೊಟ್ಟೆಗೂ ನರಗಳ ಒಂದೇ ಕೂಟದಿಂದ ಎಳೆಗಳು ಹೋಗುತ್ತವೆ, ಒಂದು ಕೆರಳಿದರೆ ಇನ್ನೊಂದೂ ಕೆರಳುತ್ತದೆ. ಮೂತ್ರನಾಳದ ನರಗಳು ಬೆನ್ನುಹುರಿಯನ್ನು ಸೇರುವ ಮಟ್ಟದಲ್ಲೇ ತೊಡೆಸಂದಿನ ನರಗಳೂ ಸೇರುತ್ತವೆ. ನೋವು ಎಲ್ಲಿಂದ ಬಂತು ಎಂದು ಮೆದುಳಿಗೆ ಬಿಡಿಸಿ ನೋಡಲು ಆಗುವುದಿಲ್ಲ. ಗಂಡಸರಿಗೆ ಇದೇ ನೋವು ವೃಷಣದಲ್ಲಿ ಕಾಣಿಸಿಕೊಂಡು, ತೊಂದರೆ ಅಲ್ಲೇ ಇದೆ ಎಂದುಕೊಂಡು ಹೇಳಲು ನಾಚಿ ತಡಮಾಡುವುದುಂಟು. ನಾಚುವಂಥದ್ದು ಇದರಲ್ಲಿ ಏನೂ ಇಲ್ಲ.

ಕಲ್ಲಿನ ಗಾತ್ರಕ್ಕೂ ನೋವಿಗೂ ನೇರ ಸಂಬಂಧ ಇಲ್ಲ ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. 3 ಮಿಲಿಮೀಟರ್ ಕಲ್ಲು ನಾಳವನ್ನು ಪೂರ್ತಿ ಮುಚ್ಚಿದರೆ ಆಳು ನೆಲಕ್ಕೆ ಬೀಳುತ್ತಾನೆ. ಎರಡು ಸೆಂಟಿಮೀಟರ್ ಕಲ್ಲು ಕಿಡ್ನಿಯ ಒಳಗೆ ದಾರಿಗೆ ಅಡ್ಡ ಬರದೆ ವರ್ಷಗಟ್ಟಲೆ ಕೂತಿದ್ದರೂ ಗೊತ್ತೇ ಆಗದಿರಬಹುದು.

ನೋವಿಲ್ಲದ ದಿನಗಳು

ಮಧ್ಯಾಹ್ನದ ಹೊತ್ತಿಗೆ ನೋವು ಹಿಡಿತಕ್ಕೆ ಬಂತು. ಊಟ ಮಾಡಿದರು. 5 ಮಿಲಿಮೀಟರ್‌ವರೆಗಿನ ಕಲ್ಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಾನಾಗಿಯೇ ಇಳಿದುಬರುತ್ತವೆ. 5ರಿಂದ 10ರ ನಡುವಿನವು ಹೆಚ್ಚುಕಡಿಮೆ ಅರ್ಧದಷ್ಟು. ಹಾಗಾಗಿ ಕಾಯುವುದು ಸರಿಯಾದ ದಾರಿಯೇ ಆಗಿತ್ತು. ಕಾಯುವುದು ಎಂದರೆ ಮರೆಯುವುದಲ್ಲ. ನೋವಿನ ಮಾತ್ರೆ ಬರೆದುಕೊಟ್ಟು, ಹತ್ತು ದಿನಕ್ಕೆ ಮತ್ತೆ ಸ್ಕ್ಯಾನ್ ಎಂದು ಹೇಳಿ, ಮೂತ್ರವನ್ನು ಟೀ ಸೋಸುವ ಜರಡಿಯೊಂದರಲ್ಲಿ ಸೋಸಿ ಕಲ್ಲು ಬಿದ್ದರೆ ಎತ್ತಿಡಲು ಹೇಳಿದೆ. ಆ ಜರಡಿಯನ್ನು ಬೇರೆ ಕೆಲಸಕ್ಕೆ ಬಳಸಬಾರದು. ಒಂದು ಎಚ್ಚರಿಕೆಯನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟೆ: ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ವಾಂತಿ ನಿಲ್ಲದಿದ್ದರೆ ರಾತ್ರಿಯಾದರೂ ಬರಬೇಕು. ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಅದು ಬೇಗ ರಕ್ತಕ್ಕೆ ಇಳಿಯುತ್ತದೆ, ಪ್ರಾಣಕ್ಕೇ ಕುತ್ತು. ಆಗ ಕಲ್ಲು ತೆಗೆಯುವುದು ಆಮೇಲಿನ ಮಾತು, ಮೊದಲು ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಯೋ ಬೆನ್ನಿನಿಂದ ಟ್ಯೂಬ್ ಹಾಕಿಯೋ ಮೂತ್ರವನ್ನು ಹೊರಬಿಡಬೇಕು. ಒಂದೇ ಕಿಡ್ನಿ ಇರುವವರಂತೂ ಮನೆಯಲ್ಲಿ ಕಾಯಲೇಬಾರದು.

ಮೂರನೇ ದಿನಕ್ಕೆ ನೋವು ಪೂರ್ತಿ ಹೋಯಿತು. ಆಕೆ ಕೆಲಸಕ್ಕೆ ಹೋದರು. ಪಕ್ಕದ ಮನೆಯವರು ಬಾಳೆದಿಂಡಿನ ರಸ ಕೊಟ್ಟಿದ್ದರು, ಊರಿನಿಂದ ಅಮ್ಮ ಹುರಳಿ ಕಟ್ಟು ಮಾಡಿ ಕುಡಿಸಿದ್ದರು. ರಸ ಕುಡಿದ ಮಾರನೇ ದಿನ ನೋವು ನಿಂತಿತು, ಕಲ್ಲು ಕರಗಿತು ಎಂದು ಮನೆಯವರೆಲ್ಲ ನಂಬಿದರು. ಸ್ಕ್ಯಾನ್‌ಗೆ ಬರಲಿಲ್ಲ. ಸಂಬಳದ ದಿನ ಕಡಿತವಾಗುತ್ತದೆ ಎನ್ನುವುದೂ ಇತ್ತು. ಫೋನ್ ಮಾಡಿದಾಗ "ಈಗ ಏನೂ ಇಲ್ಲ ಡಾಕ್ಟ್ರೇ, ಆರಾಮಾಗಿದೀನಿ" ಎಂದರು. ಭಾನುವಾರ ಬನ್ನಿ ಎಂದು ಒತ್ತಾಯ ಮಾಡಿ ಕರೆಸಿದೆ.

ಸ್ಕ್ಯಾನ್‌ನಲ್ಲಿ ಬಲ ಕಿಡ್ನಿ ಊದಿಕೊಂಡೇ ಇತ್ತು. ಕಲ್ಲು ಕೆಳಗೆ ಜಾರಿ ಮೂತ್ರಕೋಶದ ಬಾಗಿಲಲ್ಲಿ ನಿಂತಿತ್ತು. ನೋವು ಮಾತ್ರ ಇರಲಿಲ್ಲ.

ಇದು ಹೇಗೆ ಸಾಧ್ಯ ಎಂದು ಗಂಡ ಸ್ಕ್ಯಾನ್ ಚಿತ್ರವನ್ನೇ ನೋಡುತ್ತಾ ನಿಂತರು. ಅಡ್ಡಿ ಕೆಲವು ಗಂಟೆ ದಾಟಿದ ಮೇಲೆ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಆ ಕಿಡ್ನಿ ಮೂತ್ರ ಮಾಡುವುದೂ ಕುಗ್ಗುತ್ತದೆ. ಕಟ್ಟಿಕೊಂಡ ಮೂತ್ರದ ಸ್ವಲ್ಪ ಭಾಗ ರಕ್ತಕ್ಕೂ ದುಗ್ಧರಸದ (ಲಿಂಫ್) ನಾಳಗಳಿಗೂ ಹಿಂದಿರುಗುತ್ತದೆ. ಕಲ್ಲು ಸ್ವಲ್ಪ ವಾಲಿದರೆ ಪಕ್ಕದಿಂದ ಒಂದಿಷ್ಟು ಜಿನುಗಿ ಇಳಿಯುತ್ತದೆ. ಒಟ್ಟಿನಲ್ಲಿ ಒತ್ತಡ ಇಳಿಯುತ್ತದೆ, ಪೊರೆಯ ಬಿಗಿತ ಸಡಿಲವಾಗುತ್ತದೆ, ನೋವು ಮಾಯವಾಗುತ್ತದೆ. ಕಿಡ್ನಿ ಸುಮ್ಮನಾಗಿದೆ, ಆದರೆ ಹುಷಾರಾಗಿಲ್ಲ. ಅಡ್ಡಿ ಪೂರ್ತಿ ಇದ್ದು ಸುಮಾರು ಎರಡು ವಾರ ದಾಟಿದರೆ ವಾಪಸು ಬಾರದ ಹಾನಿ ಶುರುವಾಗಬಹುದು. ಇನ್ನೊಂದು ಕಿಡ್ನಿ ಕೆಲಸ ನಿಭಾಯಿಸುತ್ತಿರುವುದರಿಂದ ಕ್ರಿಯಾಟಿನಿನ್ ಕೂಡ ಸರಿಯಾಗೇ ಕಾಣಬಹುದು. ನನಗೆ ಈ ಕಾಯಿಲೆಯಲ್ಲಿ ಹೆಚ್ಚು ಭಯವಾಗುವುದು ಈ ಮೌನದ ಹಂತವೇ. ಮೊದಲ ರಾತ್ರಿ ಒದ್ದಾಡುವಾಗ ಯಾರೂ ನಿರ್ಲಕ್ಷ್ಯ ಮಾಡುವುದಿಲ್ಲ.

ಬಾಳೆದಿಂಡು, ಹುರಳಿ ಕಟ್ಟು ಎರಡೂ ಒಳ್ಳೆಯ ಆಹಾರ. ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚು ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಒಳಗೇ ಕರಗಿಸುವ ರಸವೂ ಇಲ್ಲ, ಮಾತ್ರೆಯೂ ಇಲ್ಲ. ಔಷಧಿಯಿಂದ ಕರಗಿಸಬಹುದಾದದ್ದು ಮುಖ್ಯವಾಗಿ ಯೂರಿಕ್ ಆಮ್ಲದ ಕಲ್ಲು, ಅದೂ ಮೂತ್ರದ ಹುಳಿಯನ್ನು ತಿಂಗಳುಗಟ್ಟಲೆ ತಗ್ಗಿಸಿದಾಗ. ರಸ ಕುಡಿದ ಮೇಲೆ ನೋವು ನಿಂತದ್ದು ನಿಜ. ಕುಡಿಯದಿದ್ದರೂ ಬಹುಶಃ ಅವತ್ತೇ ನಿಲ್ಲುತ್ತಿತ್ತು.

ಮೂತ್ರರೋಗ ತಜ್ಞರ ಜೊತೆ ಮಾತಾಡಿದೆವು. ಊತ ಹೆಚ್ಚಿಲ್ಲ, ಸೋಂಕಿಲ್ಲ, ಕಲ್ಲು ಇಳಿಯುತ್ತಿದೆ. ಇನ್ನೊಂದು ವಾರ ನೋಡೋಣ, ಆಗಲೂ ಬರದಿದ್ದರೆ ಕೆಳಗಿನಿಂದ ದುರ್ಬೀನು ಹಾಕಿ ಲೇಸರ್‌ನಿಂದ ಪುಡಿ ಮಾಡುವುದು ಎಂದು ತೀರ್ಮಾನವಾಯಿತು. ನಾಳವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆಯ ಬಗ್ಗೆ ವೈದ್ಯರಲ್ಲೇ ಎರಡು ಮಾತಿದೆ. 5 ಮಿಲಿಮೀಟರ್ ದಾಟಿದ, ಕೆಳಭಾಗದ ಕಲ್ಲಿಗೆ ಅದರಿಂದ ಸ್ವಲ್ಪ ಅನುಕೂಲ ಇದೆ ಎನ್ನುವುದು ಹೆಚ್ಚಿನವರ ಅಭಿಪ್ರಾಯ. ಇವರದು ಗಡಿಯಲ್ಲಿದ್ದುದರಿಂದ ಕೊಟ್ಟೆವು.

ಮುಂದಿನ ದಿನಗಳಲ್ಲಿ ತೊಂದರೆಯ ರೂಪವೇ ಬದಲಾಯಿತು. ಪಕ್ಕೆ ನೋವಿಲ್ಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಹೋಗಬೇಕು ಅನಿಸುವುದು, ಹೋದರೆ ನಾಲ್ಕು ಹನಿ, ಉರಿ. ಉರಿಮೂತ್ರ ಎಂದುಕೊಂಡು ಆಕೆ ಮೆಡಿಕಲ್ ಶಾಪ್‌ನಿಂದ ಆಂಟಿಬಯೋಟಿಕ್ ತರಲು ಹೊರಟಿದ್ದರು. ಮೂತ್ರದ ಕಲ್ಚರ್‌ನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಕಲ್ಲು ಮೂತ್ರಕೋಶದ ಗೋಡೆಯ ಒಳಗೇ ಕೂತಾಗ, ಆ ಗೋಡೆಯ ನರಗಳು ಕೆರಳಿ ಕೋಶ ತುಂಬಿದೆ ಎಂಬ ಸುಳ್ಳು ಸುದ್ದಿ ಕಳಿಸುತ್ತವೆ. ಕಲ್ಲು ಕೊನೆಯ ತಿರುವಿಗೆ ಬಂದಿದೆ ಎನ್ನುವುದಕ್ಕೆ ಇದು ಒಳ್ಳೆಯ ಗುರುತು.

ಮೂರನೇ ವಾರದ ಒಂದು ಬೆಳಗ್ಗೆ ಜರಡಿಯಲ್ಲಿ ಟಕ್ ಎಂದು ಬಿತ್ತು. ಇಷ್ಟು ಗಾತ್ರದ ಕಲ್ಲಿಗೆ ಮೂರು ವಾರ ಹಿಡಿಯುವುದು ಸಾಮಾನ್ಯವೇ. "ಹೊರಗೆ ಬರೋವಾಗ ಪ್ರಾಣ ಹೋಗುತ್ತೆ ಅಂತ ಹೆದರಿಕೊಂಡಿದ್ದೆ, ಗೊತ್ತೇ ಆಗಲಿಲ್ಲ" ಎಂದರು. ಬಹಳ ಜನರಿಗೆ ಈ ಹೆದರಿಕೆ ಇದೆ. ಮೂತ್ರಕೋಶದಿಂದ ಹೊರಗಿನ ದಾರಿ ಮೂತ್ರನಾಳಕ್ಕಿಂತ ಅಗಲ, ಹೆಂಗಸರಲ್ಲಿ ಅದರ ಉದ್ದವೂ ಸುಮಾರು 4 ಸೆಂಟಿಮೀಟರ್ ಅಷ್ಟೇ. ಮೂತ್ರಕೋಶಕ್ಕೆ ಬಿದ್ದ ಕಲ್ಲು ಕಷ್ಟದ ಭಾಗವನ್ನು ಮುಗಿಸಿಯೇ ಬಂದಿರುತ್ತದೆ. ಗಂಡಸರಲ್ಲಿ ದಾರಿ ಉದ್ದ, ಸ್ವಲ್ಪ ಚುಚ್ಚಬಹುದು. ಆದರೂ ಮೊದಲ ರಾತ್ರಿಯ ನೋವಿನ ಹತ್ತಿರಕ್ಕೂ ಬರುವುದಿಲ್ಲ.

ಕಲ್ಲು ಯಾಕೆ ಆಯಿತು

ಕಲ್ಲನ್ನು ಲ್ಯಾಬ್‌ಗೆ ಕಳಿಸಿದೆವು. ಕ್ಯಾಲ್ಸಿಯಂ ಆಕ್ಸಲೇಟ್. ರಕ್ತದಲ್ಲಿ ಕ್ಯಾಲ್ಸಿಯಂ, ಯೂರಿಕ್ ಆಮ್ಲ ಎರಡೂ ಸರಿಯಿದ್ದವು. ಕ್ಯಾಲ್ಸಿಯಂ ಜಾಸ್ತಿ ಇದ್ದಿದ್ದರೆ ರಕ್ತದ ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ನೋಡಬೇಕಾಗುತ್ತಿತ್ತು.

ಆಮೇಲೆ 24 ಗಂಟೆಯ ಮೂತ್ರ ಹಿಡಿದಿಡಲು ಹೇಳಿದೆವು. ಎಲ್ಲರಂತೆ ಇವರೂ ಭಾನುವಾರ ಹಿಡಿದು ತಂದರು. ಒಂದೂ ಮುಕ್ಕಾಲು ಲೀಟರ್ ಇತ್ತು, ತೀರಾ ಕಡಿಮೆ ಏನಲ್ಲ. ಆದರೆ ಆಕೆಯ ವಾರದಲ್ಲಿ ಭಾನುವಾರ ಒಂದೇ. ಕೆಲಸದ ದಿನ ಹಿಡಿಯಲು ಆಗುತ್ತದಾ ಎಂದು ಕೇಳಿದೆ. "ಆಗುತ್ತೆ, ಅಲ್ಲಿ ಹೋಗೋದೇ ಒಂದ್ಸಲ, ಊಟದ ಹೊತ್ತಿಗೆ. ಒಂದು ಬಾಟ್ಲಿ ಸಾಕು" ಎಂದರು. ಕೆಲಸದ ದಿನದ ಅಳತೆ 850 ಎಂ.ಎಲ್. ಬಂತು. ಬಣ್ಣ ಕಡು ಹಳದಿ.

ಪ್ರಕರಣದ ನಿಜವಾದ ಕಾರಣ ಆ ಬಾಟ್ಲಿಯಲ್ಲಿತ್ತು. ಬೆಳಗ್ಗೆ ಏಳೂವರೆಗೆ ಕಂಪನಿ ಗಾಡಿ ಹತ್ತುವ ಮೊದಲು ನೀರು ಕುಡಿಯುವುದಿಲ್ಲ, ದಾರಿಯಲ್ಲಿ ಅವಸರವಾದರೆ ಕಷ್ಟ ಎಂದು. ಲೈನ್‌ನಲ್ಲಿ ಕೂತ ಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ಎದ್ದು ಹೋದರೆ ಮೆಷಿನ್ ಮುಂದೆ ಪೀಸ್ ಗುಡ್ಡೆಯಾಗುತ್ತದೆ, ಮುಂದಿನವಳು ಕೈಕಟ್ಟಿ ಕೂರುತ್ತಾಳೆ, ಸೂಪರ್‌ವೈಸರ್ ಬೈಯುತ್ತಾರೆ. ಶೌಚಾಲಯ ಇದೆ, ಊಟದ ಹೊತ್ತಿನಲ್ಲಿ ಉದ್ದ ಸಾಲು. ಅದಕ್ಕೇ ನೀರನ್ನೇ ಬಿಟ್ಟರು. ಫ್ಯಾನ್ ಇದ್ದರೂ ಬಟ್ಟೆಯ ಧೂಳು, ಇಸ್ತ್ರಿಯ ಬಿಸಿ, ಬೆವರು. ಮೂತ್ರ ಗಟ್ಟಿಯಾದಾಗ ಕ್ಯಾಲ್ಸಿಯಂ, ಆಕ್ಸಲೇಟ್ ಒಂದಕ್ಕೊಂದು ಅಂಟಿ ಹರಳಾಗುತ್ತವೆ. ಈ ಹೆಂಗಸಿಗೆ "ನೀರು ಜಾಸ್ತಿ ಕುಡಿಯಮ್ಮ" ಎಂದು ಹೇಳಿ ಕಳಿಸಿಬಿಡುವುದು ನನ್ನ ಪ್ರಕಾರ ಚಿಕಿತ್ಸೆಯೇ ಅಲ್ಲ. ಆಕೆಗೆ ಬಾಯಾರಿಕೆ ಗೊತ್ತಿಲ್ಲದೆ ಇಲ್ಲ. ಏಳಲು ಬಿಡುವಿಲ್ಲ, ಅದಕ್ಕೆ ಕುಡಿಯುತ್ತಿಲ್ಲ.

1948ರ ಕಾರ್ಖಾನೆ ಕಾಯ್ದೆಯೇ ಕುಡಿಯುವ ನೀರು, ಶೌಚಾಲಯ ಎರಡನ್ನೂ ಕಡ್ಡಾಯ ಮಾಡಿತ್ತು. ನಲ್ಲಿ ಇರುವುದು ಬೇರೆ, ಎದ್ದು ಹೋಗಲು ಆಗುವುದು ಬೇರೆ. ಕೆಲಸಕ್ಕೆ ಮರಳುವಾಗ ಕೊಡುವ ಸರ್ಟಿಫಿಕೇಟ್‌ನಲ್ಲಿ ಒಂದು ಸಾಲು ಸೇರಿಸಿದೆ: ಮೂತ್ರದ ಕಲ್ಲಿನ ಕಾಯಿಲೆ ಇರುವುದರಿಂದ ಎರಡು ಗಂಟೆಗೊಮ್ಮೆ ನೀರು ಕುಡಿಯಲು ಮತ್ತು ಶೌಚಾಲಯಕ್ಕೆ ಹೋಗಲು ಅವಕಾಶ ಕೊಡಬೇಕು. ಆ ಕಾಗದ ಹಿಡಿದು ಆಕೆ ಎಚ್.ಆರ್. ಹತ್ತಿರ ಹೋದರು. ಊಟದ ಹೊತ್ತಿನ ಜೊತೆಗೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಎದ್ದು ಹೋಗಲು ಒಪ್ಪಿಕೊಂಡರು. ಬಸ್ ಕಂಡಕ್ಟರ್, ಟ್ರಾಫಿಕ್ ಪೊಲೀಸ್, ಶೌಚಾಲಯ ಸರಿಯಿಲ್ಲದ ಶಾಲೆಯ ಟೀಚರ್, ಲಾರಿ ಚಾಲಕ ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಕಥೆ. ವೈದ್ಯರು ಆ ಒಂದು ಸಾಲು ಬರೆದುಕೊಡಲು ಹಿಂಜರಿಯಬಾರದು, ರೋಗಿಗಳು ಕೇಳಲು ನಾಚಬಾರದು.

ಊಟದ ವಿಷಯದಲ್ಲಿ ಅಕ್ಕಪಕ್ಕದವರು ಅಷ್ಟರಲ್ಲೇ ಹಾಲು, ಮೊಸರು, ಟೊಮೇಟೊ ಎಲ್ಲ ಬಿಡಿಸಿದ್ದರು. ಹಾಲು ಮೊಸರು ಬಿಡುವುದು ಉಲ್ಟಾ ಕೆಲಸ. ಊಟದ ಜೊತೆ ಸೇರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಟೊಮೇಟೊದಲ್ಲಿ ಆಕ್ಸಲೇಟ್ ಹೆಚ್ಚೇನೂ ಇಲ್ಲ. ಕಡಿಮೆ ಮಾಡಬೇಕಾದದ್ದು ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್. ಎಲ್ಲಕ್ಕಿಂತ ಮುಖ್ಯ ಉಪ್ಪು. ಉಪ್ಪು ಹೆಚ್ಚಾದರೆ ಕಿಡ್ನಿ ಕ್ಯಾಲ್ಸಿಯಂ ಅನ್ನೂ ಜಾಸ್ತಿ ಬಿಡುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಪಾಕೆಟ್ ತಿಂಡಿ ಕಡಿಮೆ ಮಾಡಿದರು. ನೀರಿಗೆ ನಿಂಬೆಹಣ್ಣು ಹಿಂಡಿ ಕುಡಿಯಲು ಹೇಳಿದೆ, ಉಪ್ಪು ಹಾಕದೆ. ಅದರ ಸಿಟ್ರೇಟ್ ಹರಳು ಬೆಳೆಯುವುದನ್ನು ತಡೆಯುತ್ತದೆ.

ಮೂರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಬಲ ಕಿಡ್ನಿಯ ಊತ ಪೂರ್ತಿ ಇಳಿದಿತ್ತು. ಕೆಲಸದ ದಿನದ ಮೂತ್ರ 1,800 ಎಂ.ಎಲ್.ಗೆ ಏರಿತ್ತು. ಎರಡೂವರೆ ಲೀಟರ್ ಆಗಬೇಕು, ಬೇಸಿಗೆಯಲ್ಲಿ ಅದಕ್ಕೆ ತಕ್ಕಂತೆ ಇನ್ನೂ ಜಾಸ್ತಿ ಕುಡಿಯಬೇಕು. ಎಡ ಕಿಡ್ನಿಯಲ್ಲಿ 3 ಮಿಲಿಮೀಟರ್‌ನ ಇನ್ನೊಂದು ಕಲ್ಲು ಮೊದಲಿನಿಂದಲೂ ಇತ್ತು, ಈಗಲೂ ಇದೆ. ದಾರಿಗೆ ಅಡ್ಡ ಬಂದಿಲ್ಲ, ಅದಕ್ಕೆ ನೋವಿಲ್ಲ. ಅದನ್ನೂ ತೆಗೆಸಿಬಿಡೋಣ್ವಾ ಎಂದು ಆಕೆ ಕೇಳಿದರು. ಸದ್ಯಕ್ಕೆ ಬೇಡ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ, ನೋವಿರಲಿ ಇಲ್ಲದಿರಲಿ ಬರಬೇಕು ಎಂದೆ. ಮುಂದಿನ ತಾರೀಕನ್ನು ಗಂಡ ಫೋನ್‌ನಲ್ಲಿ ಬರೆದುಕೊಂಡರು.